ಶಮ್ಸುನ್ನಿಸಾ ಹಾಕಿದ ಕೊನೆಯ ಒಡಪು

ಶಮ್ಸುನ್ನಿಸಾ ತೀರಿಕೊಂಡು ಮೂವತ್ತಾರನೆಯ ದಿನ, ಬೆಳಿಗ್ಗೆ ಎಂಟು ಗಂಟೆಗೆ, ಅವಳ ಹೆಸರಿನಿಂದಲೇ ಗುರುಬಾಯಿಯ ಫೋನಿಗೆ ಒಂದು ಮೆಸೇಜು ಬಂದಿತು.

ಗುರುಬಾಯಿ ಆಗತಾನೇ ಲಿಂಗಪೂಜೆ ಮುಗಿಸಿ, ಚಹಾದ ಕಪ್ಪು ಹಿಡಿದುಕೊಂಡು ಅಫಜಲಪುರದ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಳು. ಫೋನಿನ ಮೇಲೆ ಗೆಳತಿಯ ಹೆಸರು, ಪಕ್ಕದ ದುಂಡನೆಯ ಚಿತ್ರದಲ್ಲಿ ಅವಳ ಕನ್ನಡಕದ ಮುಖ. ಚಹಾ ತುಳುಕಿ ಸೀರೆಯ ಮೇಲೆ ಬಿತ್ತು. ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ.

ಬರೆದವಳು ಶಮ್ಸುನ್ನಿಸಾಳ ಮಗಳು ಮಿನಾಜ. ತಾಯಿಯ ಫೋನು ಈಗ ಅವಳ ಹತ್ತಿರ ಇತ್ತು. "ಖಾಲಾ, ಶನಿವಾರ ಅಮ್ಮೀದು ನಲವತ್ತನೇ ದಿನದ ಫಾತೆಹಾ ಅದ. ನೀವು ಆಳಂದಕ್ಕ ಬರಲೇಬೇಕು. ಅಮ್ಮೀ ಹಾಕಿದ ಕೊನೀ ಒಡಪಿನ ಉತ್ತರ ನಿಮಗೊಬ್ಬರಿಗೇ ಗೊತ್ತದ. ಅವತ್ತು ಎಲ್ಲಾರ ಮುಂದ ನೀವೇ ಹೇಳಬೇಕು."

ಗುರುಬಾಯಿಗೆ ಆ ಉತ್ತರ ಗೊತ್ತಿರಲಿಲ್ಲ. ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿರಲಿಲ್ಲ.

ಇದು ಹೀಗಾದದ್ದಕ್ಕೆ ಹಿಂದಿನದನ್ನು ಸ್ವಲ್ಪ ಹೇಳಬೇಕು. ಗುರುಬಾಯಿ, ಶಮ್ಸುನ್ನಿಸಾ, ಕಲ್ಲಿನಾಥ ಮೂವರೂ ಒಂದು ಕಾಲಕ್ಕೆ ಕಲಬುರಗಿಯಲ್ಲಿ ಶಿಕ್ಷಕರ ತರಬೇತಿಗೆ ಕೂಡಿ ಓದಿದವರು. ಆಮೇಲೆ ಗುರುಬಾಯಿ ಅಫಜಲಪುರದ ಕಡೆ, ಶಮ್ಸುನ್ನಿಸಾ ಆಳಂದದ ಕಡೆ, ಕಲ್ಲಿನಾಥ ಜೇವರ್ಗಿಯ ಕಡೆ ಸಾಲಿ ಹಿಡಿದು, ಅಲ್ಲಲ್ಲೇ ಬೇರುಬಿಟ್ಟು, ಅಲ್ಲಲ್ಲೇ ನಿವೃತ್ತರಾದರು. ಎರಡು ವರ್ಷದ ಕೆಳಗೆ ಕಲ್ಲಿನಾಥ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿ, ಹಳೆಯ ಗೆಳೆಯರು ಹತ್ತು ಹನ್ನೆರಡು ಮಂದಿಯನ್ನು ಅದರಲ್ಲಿ ಸೇರಿಸಿ, 'ಒಡಪಿನ ಕಟ್ಟಿ' ಎಂದು ಹೆಸರಿಟ್ಟ. ಒಗಟಿಗೆ ಅವರು ಒಡಪು ಅನ್ನುವವರು. ಉಳಿದವರು ಬರೀ ಓದಿ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತಿದ್ದರು. ಜಿದ್ದು ಇದ್ದದ್ದು ಈ ಮೂವರಲ್ಲೇ.

ಕಟ್ಟೆಗೆ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಒಬ್ಬರು ಒಡಪು ಹಾಕಬೇಕು. ತಿಳಿದವರು ಉತ್ತರವನ್ನು ಅಲ್ಲಿ ಬರೆಯಬಾರದು. ಬರೆದರೆ ಉಳಿದವರ ಆಟ ಕೆಡುತ್ತದೆ. 'ಗೊತ್ತಾತು' ಎಂದಷ್ಟೇ ಬರೆದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಡಪು ಹಾಕಿದವರಿಗೆ ಫೋನು ಮಾಡಿ ಹೇಳಬೇಕು. ತಿಳಿಯದವರು ಸೋತೆವೆಂದು ಒಪ್ಪಿ ಒಂದು ಊರು ಕೊಡಬೇಕು. ಚಿಕ್ಕಂದಿನಲ್ಲಿ ಅಂಗಳದಲ್ಲಿ ಕುಳಿತು ಆಡುವಾಗ ಊರು ಕೊಡುತ್ತಿದ್ದರಲ್ಲ, ಹಾಗೆಯೇ. ಊರು ಬಂದ ಮೇಲೆ ಗೆದ್ದವರು ಒಡಪು ಒಡೆಯುತ್ತಿದ್ದರು, ಆ ಊರಿನ ಮೇಲೆ ಒಂದು ದಿನ ದರ್ಬಾರು ನಡೆಸುತ್ತಿದ್ದರು.

ಕಲ್ಲಿನಾಥ ಒಮ್ಮೆ ಕರಜಗಿಯನ್ನು ಸೋತಾಗ ಶಮ್ಸುನ್ನಿಸಾ, ಇನ್ನು ಮೇಲೆ ಆ ಊರಿನ ಕಬ್ಬೆಲ್ಲ ಹಲ್ಲಿಲ್ಲದವರಿಗೆ ಮೊದಲು ಹಿಂಡಿ ಕೊಡತಕ್ಕದ್ದು ಎಂದು ಹುಕುಂ ಹೊರಡಿಸಿದ್ದಳು. ಅವಳೇ ಒಂದು ಸಲ ಸೋತು ಗುರುಬಾಯಿಗೆ ಘತ್ತರಗಿಯನ್ನು ಕೊಡಹೋದಾಗ, ಅದು ಭಾಗ್ಯವಂತಿ ತಾಯಿಯ ಊರು, ಅದನ್ನು ಕೊಡಲು ನೀನು ಯಾರು, ಇಸಿದುಕೊಳ್ಳಲು ನಾನು ಯಾರು ಎಂದು ಗುರುಬಾಯಿ ಜಗಳ ತೆಗೆದಿದ್ದಳು. ಹಾಗಾದರೆ ಜಿಡಗಾ ತಗೋ ಎಂದಳು ಶಮ್ಸುನ್ನಿಸಾ. ಅದು ಮಠದ್ದು ಎಂದಳು ಗುರುಬಾಯಿ. ದೇವರದು ಬಿಟ್ಟು ನಮ್ಮ ಜಿಲ್ಲೆಯಲ್ಲಿ ಊರೆಲ್ಲಿ ಉಳಿದಾವು, ಬಸ್‌ಸ್ಟ್ಯಾಂಡು ತಗೋ ಎಂದು ಅವಳು ಬರೆದದ್ದನ್ನು ಓದಿ ಕಟ್ಟೆಯೆಲ್ಲ ನಕ್ಕಿತ್ತು.

ಎರಡು ವರ್ಷದಲ್ಲಿ ಗುರುಬಾಯಿ ಒಂದು ಊರನ್ನೂ ಸೋತವಳಲ್ಲ. ಅದರಲ್ಲಿ ಒಂದು ಸಣ್ಣ ಕಳ್ಳಾಟವಿತ್ತು. ಒಡಪು ತಿಳಿಯದ ದಿನ ಹತ್ತು ನಿಮಿಷಕ್ಕೇ 'ಗೊತ್ತಾತು' ಎಂದು ಬರೆದುಬಿಡುತ್ತಿದ್ದಳು. ಬರೆದ ಮೇಲೆ ದಿನವಿಡೀ ತಲೆ ಕೆಡಿಸಿಕೊಂಡು, ರೊಟ್ಟಿ ಬಡಿಯುತ್ತಲೋ ಕಾಳು ಹಸನು ಮಾಡುತ್ತಲೋ ಹೇಗೋ ಸಂಜೆಯೊಳಗೆ ಉತ್ತರ ಹಿಡಿಯುತ್ತಿದ್ದಳು. ಸಂಜೆಗೆ ಗೊತ್ತಾಗುತ್ತಿತ್ತಲ್ಲ, ಆದ್ದರಿಂದ ಬೆಳಿಗ್ಗೆ ಬರೆದದ್ದು ಸುಳ್ಳೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಶಮ್ಸುನ್ನಿಸಾ ತೀರಿಕೊಂಡ ಮಂಗಳವಾರವೂ ಹಾಗೇ ಆಯಿತು. ಬೆಳಿಗ್ಗೆ ಒಂಬತ್ತಕ್ಕೆ ಶಮ್ಸುನ್ನಿಸಾ ಬರೆದಳು: 'ಇದ್ದಾಗ ಕಾಳಿನಷ್ಟೂ ಜಾಗ ಬೇಡಂಗಿಲ್ಲ, ಕಳೆದ ದಿನ ಮನಿ ತುಂಬ ಕುಂಡರಾಕ ಜಾಗ ಬಿಡಂಗಿಲ್ಲ. ಏನು?' ಗುರುಬಾಯಿ 'ಗೊತ್ತಾತು' ಎಂದಳು. 'ಸಂಜಿಗೆ ಫೋನ್ ಮಾಡು' ಎಂದು ಶಮ್ಸುನ್ನಿಸಾ ನಗುವ ಮುಖ ಹಾಕಿದಳು. ಮಧ್ಯಾಹ್ನ ಮೂರಕ್ಕೆ ಎದೆ ಹಿಡಿದುಕೊಂಡು ಕುಳಿತವಳು ಆಸ್ಪತ್ರೆ ಮುಟ್ಟಲಿಲ್ಲ.

ಗುರುಬಾಯಿ ಆಳಂದ ತಲುಪುವಷ್ಟರಲ್ಲಿ ಮಣ್ಣಿಗೆ ಒಯ್ದಾಗಿತ್ತು. ಮನೆಯ ತುಂಬ ಹೆಂಗಸರು. ಕೂರಲು ಜಾಗವಿರಲಿಲ್ಲ. ಬಾಗಿಲ ಹತ್ತಿರ ಗೋಡೆಗೆ ಆತು ನಿಂತೇ ಇದ್ದು ಬಂದಿದ್ದಳು.

ಆಗ ದುಃಖವೊಂದೇ ಇತ್ತು. ದುಃಖ ಅವಳಿಗೆ ಹೊಸದಲ್ಲ. ಗಂಡನನ್ನು ಕಳೆದುಕೊಂಡವಳು, ಅದರ ಭಾರ ಬಲ್ಲವಳು. ಶಿವನು ಕೊಟ್ಟದ್ದನ್ನು ಶಿವನು ತಗೊಂಡ ಎಂದು ಮನಸ್ಸನ್ನು ಒಂದು ಕಡೆ ಕೂಡಿಸಿದ್ದಳು. ಮಿನಾಜಳ ಮೆಸೇಜು ಬಂದ ಮೇಲೆ ಆ ಮನಸ್ಸು ಎದ್ದದ್ದು ಮತ್ತೆ ಕೂರಲಿಲ್ಲ.

ಅಂಗೈಯಲ್ಲಿ ಲಿಂಗ, ಬಾಯಲ್ಲಿ ಮಂತ್ರ, ತಲೆಯಲ್ಲಿ ಒಡಪು. ಬುಧವಾರದ ಪೂಜೆಯಲ್ಲಿ ಎರಡು ಸಲ ಮಂತ್ರದ ಎಣಿಕೆ ತಪ್ಪಿತು. ಎದ್ದು ಹಿತ್ತಲಿಗೆ ಹೋದಳು. ಹೋದದ್ದು ಯಾಕೆಂದು ಮರೆತು ಒಳಗೆ ಬಂದಳು. ಬಂದವಳು ಮತ್ತೆ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ. ಸೊಸೆ ವಿಜಯಶ್ರೀ ಕಸಬರಿಗೆ ಹಿಡಿದು ನಿಂತು ನೋಡುವಷ್ಟು ಹೊತ್ತು ನೋಡಿ, "ಅತ್ತಿ, ಎಲ್ಯಾರ ಒಂದ ಕಡೆ ಕುಂಡರ್ರಿ. ನಾ ಕಸಾ ಹೊಡೀಲೋ, ನಿಮ್ಮ ಹಿಂದ ಅಡ್ಯಾಡಲೋ?" ಎಂದಳು.

ಉಪ್ಪು ಇರಬಹುದೇ? ಉಪ್ಪಿಗೂ ಭರಣಿಯಷ್ಟು ಜಾಗ ಬೇಕು. ಉಪ್ಪು ತೀರಿತೆಂದು ಯಾರೂ ನಿಂತೇ ಇರುವುದಿಲ್ಲ. ಕೀಲಿಕೈ? ಕಳೆದರೆ ಮನೆಯೆಲ್ಲ ಹುಡುಕುತ್ತಾರೆ ನಿಜ, ಆದರೆ ದಣಿದು ಕುಳಿತು ಹುಡುಕುತ್ತಾರೆ. ದೀಪ? ಕತ್ತಲೆಯಲ್ಲೂ ಕೂರಬಹುದು. ನೆಮ್ಮದಿ ಎಂದು ಹೊಳೆದಾಗ ಇದೇ ಇರಬೇಕು ಎಂದುಕೊಂಡಳು. ಅದು ಕಳೆದ ದಿನ ಮನೆಯಲ್ಲಿ ಎಲ್ಲಿಯೂ ಕೂರಲಾಗುವುದಿಲ್ಲ ಎಂಬುದಕ್ಕೆ ತನಗಿಂತ ಬೇರೆ ಸಾಕ್ಷಿ ಬೇಡ. ಆದರೆ ಶಮ್ಸುನ್ನಿಸಾ ಅಂಥವಳಲ್ಲ. ಒಡಪಿನ ಉತ್ತರ ಕೈಯಲ್ಲಿ ಹಿಡಿಯಲು ಬರಬೇಕು, ಮನಸ್ಸು ಪ್ರೀತಿ ಭಕ್ತಿ ಎಂದು ಗಾಳಿಗೆ ಬಿಡುವುದೆಲ್ಲ ಸೋಮಾರಿಗಳ ಒಡಪು ಎಂದು ಕಲ್ಲಿನಾಥನೊಡನೆ ಎಷ್ಟೋ ಸಲ ವಾದ ಮಾಡಿದ್ದಳು. ಅವಳ ಒಡಪುಗಳಲ್ಲಿ ಜರಡಿ, ಹಗ್ಗ, ಒರಳು, ಕೊಡೆ ಇರುತ್ತಿದ್ದವು.

ಗುರುವಾರ ತಡೆಯಲಾರದೆ ಜೇವರ್ಗಿಗೆ ಫೋನು ಮಾಡಿ, ಕಲ್ಲಿನಾಥನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಮೊದಲು ನಂಬಲಿಲ್ಲ. ನೀವು ಹೀಗೆ ಮಾಡುತ್ತಿದ್ದಿರಾ ಅಕ್ಕಾ, ಗೊತ್ತಿಲ್ಲೆಂದು ಖರೇ ಹೇಳಿ ಅನ್ಯಾಯವಾಗಿ ನನ್ನ ಹನ್ನೊಂದು ಊರು ಹೋದವಲ್ಲ ಎಂದು ನಕ್ಕ. ಗುರುಬಾಯಿ ನಗದೆ ಇದ್ದದ್ದು ತಿಳಿದು, ನಾನೂ ಯೋಚಿಸುತ್ತೇನೆ ಎಂದು ಫೋನು ಇಟ್ಟ. ಒಂದು ತಾಸಿನ ಮೇಲೆ ತಾನೇ ತಿರುಗಿ ಫೋನು ಮಾಡಿದ.

"ತಾಯಿ ಅಂತ ಹೇಳಿಬಿಡ್ರಿ ಅಕ್ಕಾ. ಹೊಂದತದ ನೋಡ್ರಿ. ಇದ್ದಾಗ ಮೂಲ್ಯಾಗ ಕುಂತು ಉಂಡು ಏಳ್ತಾಳ, ಜಾಗಾ ಬೇಡಂಗಿಲ್ಲ. ಹೋದ ದಿನ ಮಂದಿ ತುಂಬಿ ಮನ್ಯಾಗ ಕುಂಡರಾಕ ಜಾಗಾ ಇರಂಗಿಲ್ಲ."

"ಶಮ್ಸು ಅಂಥಾ ಒಡಪು ಹಾಕಾಕಿ ಅಲ್ಲ, ಕಲ್ಲಿನಾಥ."

"ಅಲ್ಲ, ಖರೇ. ಆದ್ರ ಈಗ ಯಾರು ಬಂದು ಕೇಳ್ತಾರ್ರಿ? ಆ ಹುಡುಗಿಗೆ ಸಮಾಧಾನ ಆಗ್ತದ. ತಾಯಿ ತನ್ನ ಸಾವು ತಾನೇ ಹೇಳಿ ಹೋದ್ಲು ಅಂತ ನಾಕ ಮಂದಿ ಕಣ್ಣೀರ ಹಾಕ್ತಾರ. ನಿಮ್ಮ ಮಾತೂ ಉಳೀತದ."

ಫೋನು ಇಟ್ಟ ಮೇಲೆ ಗುರುಬಾಯಿ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಹೊಂದುತ್ತಿತ್ತು. ಅಳತೆ ಕೊಟ್ಟು ಹೊಲಿಸಿದ ಹಾಗೆ ಹೊಂದುತ್ತಿತ್ತು. ಬಾಗಿಲ ಹತ್ತಿರ ತಾನು ನಿಂತೇ ಇದ್ದದ್ದು ನೆನಪಾಗಿ ಅವಳ ಕಣ್ಣೂ ತುಂಬಿತು. ಕಣ್ಣು ಒರೆಸಿಕೊಂಡಾಗ ಉಳಿದದ್ದು ಒಂದೇ: ಇದು ಶಮ್ಸುನ್ನಿಸಾಳದಲ್ಲ. ಸತ್ತವಳ ಬಾಯಿಗೆ ತನ್ನ ಮಾತು ಇಡುವುದು. ಮೂವತ್ತೊಂದು ವರ್ಷ ಮಕ್ಕಳ ಮುಂದೆ ನಿಂತು ಸುಳ್ಳು ಹೇಳಬಾರದೆಂದು ಕಲಿಸಿದ್ದಳು. ಒಂದು ಊರು ಕೊಡಲಾರದ ಹಟಕ್ಕೆ ಈಗ ಗೆಳತಿಯ ಮನೆಯಲ್ಲಿ, ದೇವರ ಕಾರ್ಯದ ದಿನ, ಎಲ್ಲರ ಮುಂದೆ ಅದೇ ಸುಳ್ಳು ಹೇಳಬೇಕು.

ಅಷ್ಟು ಜನರ ನಡುವೆ ತನ್ನ ನಾಲಿಗೆಯನ್ನು ತಾನೇ ನಂಬಲಾರೆ ಅನ್ನಿಸಿತು. ಆದ್ದರಿಂದ ಶನಿವಾರ ಬಿಟ್ಟು ಶುಕ್ರವಾರವೇ ಹೊರಟಳು. ಅಷ್ಟು ಅವಸರ ಏನು, ನಾಳೆ ಎಲ್ಲರೂ ಕೂಡಿ ಹೋಗೋಣ ಎಂದು ವಿಜಯಶ್ರೀ ಅಂದದ್ದಕ್ಕೆ, ನಾಳೆ ಗದ್ದಲ ಇರುತ್ತದೆ ಎಂದಷ್ಟೇ ಹೇಳಿದಳು. ಅಫಜಲಪುರದಿಂದ ಕಲಬುರಗಿಗೆ, ಅಲ್ಲಿ ಬಸ್ಸು ಬದಲಿಸಿ ಆಳಂದಕ್ಕೆ. ಕಂಡಕ್ಟರನಿಗೆ ಆಧಾರ ಕಾರ್ಡು ತೋರಿಸಿ ಚೀಟಿ ಇಸಿದುಕೊಂಡು, ಅದನ್ನು ಮಡಚಿ ಬಿಚ್ಚಿ, ಬಿಚ್ಚಿ ಮಡಚಿ, ಊರು ಬರುವಷ್ಟರಲ್ಲಿ ಹಿಂಜಿ ಹಾಕಿದ್ದಳು. ಕಿಟಕಿಯ ಹೊರಗೆ ತೊಗರಿಯ ಹೊಲ ಓಡುತ್ತಿತ್ತು. ಒಂದು ಹೊಲಕ್ಕೆ ತಾಯಿ ಎಂದು ಹೇಳಿಬಿಡುವುದೇ ಸರಿ ಅನ್ನಿಸುವುದು. ಮುಂದಿನ ಹೊಲಕ್ಕೆ ಗೊತ್ತಿಲ್ಲ ಎಂದುಬಿಡುವುದೇ ಸರಿ ಅನ್ನಿಸುವುದು. ಆಳಂದ ಬಂದಾಗಲೂ ಯಾವುದೂ ನಿಂತಿರಲಿಲ್ಲ.

ಮನೆ ತಲುಪಿದಾಗ ಎರಡೂವರೆ. ಶಮ್ಸುನ್ನಿಸಾಳ ಗಂಡ ಹುಸೇನಪೀರ ಜುಮ್ಮಾ ನಮಾಜು ಮುಗಿಸಿ ಬಂದು, ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಿದ್ದರು. ಹೆಂಡತಿ ಇದ್ದಾಗಲೂ ಹೆಚ್ಚು ಮಾತಾಡದವರು; ಈಗ ಮಾತೇ ಇಲ್ಲ ಎಂದು ಮಿನಾಜ ಹೇಳಿದಳು. ಬರ್ರಿ ಅಕ್ಕಾರ ಎಂದಷ್ಟು ಅಂದು ತಲೆಬಾಗಿಸಿದರು. ಕಲಬುರಗಿಯಲ್ಲಿ ಸಂಸಾರ ಮಾಡಿಕೊಂಡಿದ್ದ ಮಿನಾಜ ನಾಳಿನ ಕಾರ್ಯಕ್ಕೆಂದು ನಾಲ್ಕು ದಿನ ಮೊದಲೇ ಬಂದಿದ್ದಳು. ಬಂದವರು ಕೂರಲೆಂದು ನಡುಮನೆಯ ತುಂಬ ತಾಯಿಯೇ ಹೊಲಿದ ಕೌದಿಗಳನ್ನು ಹಾಸಿದ್ದಳು. ಗುರುಬಾಯಿಯ ಕೈಹಿಡಿದು ಒಂದು ಕೌದಿಯ ಮೇಲೆ ಕೂಡಿಸಿ, ಇಬ್ಬರಿಗೂ ಚಹಾ ಕೊಟ್ಟು, ಒಳಗಿನಿಂದ ಒಂದು ನೋಟುಬುಕ್ಕು ತಂದಳು.

ತಾಯಿ ಕಟ್ಟೆಯಲ್ಲಿ ಹಾಕಿದ ಒಡಪುಗಳನ್ನೆಲ್ಲ ಅವಳು ಫೋನಿನಿಂದ ಇಳಿಸಿ ಬರೆದಿದ್ದಳು. ಒಂದೊಂದರ ಕೆಳಗೂ ಉತ್ತರ. ನಾಳೆ ಇದನ್ನು ಓದುತ್ತೇವೆ, ಆಮೇಲೆ ಮಕ್ಕಳಿಗೆ ಇಡುತ್ತೇವೆ ಎಂದಳು. ಕೊನೆಯ ಹಾಳೆಯಲ್ಲಿ ಒಡಪು ಇತ್ತು. ಕೆಳಗೆ ಜಾಗ ಖಾಲಿ ಇತ್ತು.

"ಅವತ್ತು ಬೆಳಿಗ್ಗೆ ಅಮ್ಮೀ ನನಗೂ ಫೋನಿನಾಗ ಈ ಒಡಪು ಹಾಕಿದ್ಲು ಖಾಲಾ. ಹೇಳು ಅಂದ್ರ ಹೇಳಲಿಲ್ಲ. ಗುರುಬಾಯಿಗೆ ಗೊತ್ತಾಗ್ಯದ, ಸಂಜಿಗೆ ಆಕಿ ಹೇಳಿದ ಮ್ಯಾಲ ನಿನಗ ಹೇಳ್ತೇನಿ ಅಂದ್ಲು. ಅದ ನನ್ನ ಸಂಗಟ ಆಡಿದ ಕೊನೀ ಮಾತು." ಮಿನಾಜ ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟಳು. "ನಾಳೆ ಹೇಳೋದು ಇರಲಿ. ಇದರಾಗ ನಿಮ್ಮ ಕೈಲಿಂದ ಬರೀರಿ."

ಗುರುಬಾಯಿ ಪೆನ್ನು ಹಿಡಿದಳು. ಪೆನ್ನಿನ ತುದಿ ಹಾಳೆಗೆ ತಾಗಿ ಅಲ್ಲೊಂದು ಚುಕ್ಕಿ ಮೂಡಿತು. ಬರೆಯಬೇಕಾದ್ದು ಎರಡೇ ಅಕ್ಷರ. ಬರೆದರೆ ಈ ಹುಡುಗಿ ಅಳುತ್ತಾಳೆ, ಅತ್ತು ಹಗುರಾಗುತ್ತಾಳೆ. ಚುಕ್ಕಿ ನೋಡನೋಡುತ್ತ ದೊಡ್ಡದಾಯಿತು. ಅವಳು ಪೆನ್ನನ್ನು ಕೌದಿಯ ಮೇಲೆ ಇಟ್ಟಳು.

"ನನಗ ಗೊತ್ತಿಲ್ಲ ಬೇಟಿ," ಎಂದಳು. "ಅವತ್ತೂ ಗೊತ್ತಿರಲಿಲ್ಲ. ಸಂಜಿತನಕ ಹೊಳೀತದ ಅಂತ ಬರದಿದ್ದೆ. ನಿಮ್ಮಮ್ಮಗ ಸುಳ್ಳು ಹೇಳೇನಿ."

ಮಿನಾಜ ಮೊದಲು ಅರ್ಥವಾಗದವಳ ಹಾಗೆ ನೋಡಿದಳು. ಗುರುಬಾಯಿ ಮತ್ತೆ ಬಿಡಿಸಿ ಹೇಳಿದಳು: ಮೊದಲಿನಿಂದಲೂ ಹಾಗೆ ಮಾಡುತ್ತಿದ್ದದ್ದು, ಸೋಲಲು ಮನಸ್ಸಿಲ್ಲದ್ದು, ನಾಲ್ಕು ದಿನದಿಂದ ಹುಡುಕಿದ್ದು, ಕಲ್ಲಿನಾಥ ಹೇಳಿಕೊಟ್ಟದ್ದು, ಇನ್ನೇನು ಅದನ್ನು ಬರೆಯಲು ಹೊರಟದ್ದು. ಒಂದನ್ನೂ ಮುಚ್ಚಲಿಲ್ಲ. ಮಿನಾಜ ನೋಟುಬುಕ್ಕನ್ನು ನಿಧಾನವಾಗಿ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

"ಹಂಗಾರ ಅದೂ ಹೋತು," ಎಂದಳು. "ಅಮ್ಮೀದು ಇನ್ನಾ ಒಂದು ಬಾಕಿ ಅದ, ಖಾಲಾನ ಹತ್ರ ಅದ ಅಂತ ನಾ ಇಷ್ಟು ದಿನ ಧೈರ್ಯ ತಗೊಂಡಿದ್ದೆ."

ಬೈದಿದ್ದರೆ ಗುರುಬಾಯಿ ತಡೆದುಕೊಳ್ಳುತ್ತಿದ್ದಳು. ಕೌದಿಯ ಮೇಲಿನ ಪೆನ್ನನ್ನು ಎತ್ತಿ ಮಿನಾಜಳ ಕಡೆ ಸರಿಸಿದಳು.

ಆಗ ಬಾಗಿಲ ಬಳಿಯಿಂದ ಒಂದು ಸದ್ದು ಬಂದಿತು. ಹುಸೇನಪೀರರು ಕೆಮ್ಮುತ್ತಿದ್ದಾರೆಂದು ಇಬ್ಬರೂ ತಿರುಗಿ ನೋಡಿದರು. ಅವರು ನಗುತ್ತಿದ್ದರು. ನಗು ಮರೆತವರ ನಗು, ಅರ್ಧಕ್ಕೆ ಸಿಕ್ಕಿಕೊಳ್ಳುತ್ತ ಹೊರಗೆ ಬರುತ್ತಿತ್ತು.

"ಆಕಿಗೆ ತಿಳಿದಿತ್ತು ಅಕ್ಕಾರ," ಎಂದರು. "ನೀವು ಗೊತ್ತಾತು ಅಂತ ಬರದ ಕೂಡಲೇ ನನಗ ತೋರಿಸಿದ್ಲು. ಗುರುಬಾಯಿ ಹತ್ತ ಮಿನಿಟಿನಾಗ ಗೊತ್ತಾತು ಅಂದ್ರ ಆಕಿಗೆ ಗೊತ್ತಾಗಿಲ್ಲ, ಖರೇನ ಗೊತ್ತಾದ ದಿನ ಒಂದ ತಾಸು ಸುಮ್ಮ ಇರ್ತಾಳ, ಇವತ್ತ ಸಂಜಿತನಕ ಒದ್ದಾಡಲಿ ಅಂದ್ಲು."

ಗುರುಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಎರಡು ವರ್ಷ ತಾನು ಆಡಿದ ಕಳ್ಳಾಟವನ್ನು ಗೆಳತಿ ಕುಳಿತು ನೋಡುತ್ತಿದ್ದಳು. ನೋಡುತ್ತಲೇ ಕಾಯುತ್ತಿದ್ದಳು.

ಹುಸೇನಪೀರರು ಅವತ್ತಿನ ಬೆಳಗನ್ನು ಹೇಳಿದರು. ನಲವತ್ತು ದಿನದ ಮಾತುಗಳು ಒಟ್ಟಿಗೆ ಬಂದವು. ಶಮ್ಸುನ್ನಿಸಾ ಇದೇ ನಡುಮನೆಯಲ್ಲಿ ಕುಳಿತು ಹಳೆಯ ಕೌದಿಗೆ ತೇಪೆ ಹಾಕುತ್ತಿದ್ದಳಂತೆ. ಹಾಲಿನವನು ಕೂಗಿದನೆಂದು ಎದ್ದು ಹೋಗಿ ಬರುವಷ್ಟರಲ್ಲಿ ಸೂಜಿ ಕಾಣಲಿಲ್ಲ. ಅಷ್ಟರಲ್ಲಿ ಇವರು ಚಹಾ ಹಿಡಿದು ಕೂರಲು ಬಂದರು. ಅಲ್ಲಿ ಕೂರಬೇಡಿ ಎಂದಳು. ಇಲ್ಲಿ ಕೂರಲೇ ಎಂದರೆ ಅಲ್ಲಿಯೂ ಬೇಡ. ಗೋಡೆಗೆ ಒರಗಿ ಅರ್ಧ ತಾಸು ನಿಂತೇ ಚಹಾ ಕುಡಿದರು. ಇಷ್ಟುದ್ದದ ಒಂದು ಸೂಜಿ ಕಳೆದರೆ ಇಡೀ ಮನೆಯಲ್ಲಿ ಮನುಷ್ಯ ಕೂರಲು ಜಾಗವಿಲ್ಲವೇ ಎಂದು ಇವರು ಗೊಣಗಿದರು. ಅವಳು ಜಾಡಿಸುತ್ತಿದ್ದ ಕೌದಿಯನ್ನು ಅಲ್ಲೇ ಬಿಟ್ಟು, ಕನ್ನಡಕ ಹಾಕಿಕೊಂಡು ಫೋನು ಎತ್ತಿಕೊಂಡಳು.

"ಸೂಜಿ," ಎಂದಳು ಗುರುಬಾಯಿ. ಕೈಯಲ್ಲಿ ಹಿಡಿಯಲು ಬರುವಂಥದ್ದು.

ಮಿನಾಜಳಿಗೆ ಅಳುವೂ ಸಿಟ್ಟೂ ಕೂಡಿಯೇ ಬಂದವು. ಇಷ್ಟು ದಿನ ತಾನು ಆ ಫೋನು ಹಿಡಿದು ಕುಳಿತದ್ದನ್ನು ನೋಡಿಯೂ ಅಬ್ಬಾ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ನೀ ಕೇಳಿದ್ದು ಖಾಲಾಗ. ನನ್ನ ಯಾರು ಕೇಳೀರಿ?" ಎಂದರು ಹುಸೇನಪೀರ. ಆಮೇಲೆ ಕಪ್ಪಿನೊಳಗೆ ನೋಡುತ್ತ, "ಅದೂ ಅಲ್ಲದ, ನಾ ಹೇಳೂತನಕ ಬಾಯಿ ಬಿಡಬ್ಯಾಡ್ರಿ ಅಂತ ಆಣಿ ಹಾಕಿಸಿಕೊಂಡಿದ್ಲು. ಆಕಿ ಹೇಳಲೇ ಇಲ್ಲ," ಎಂದರು.

ಗುರುಬಾಯಿಯ ಬೆರಳು ತಾನು ಕುಳಿತ ಕೌದಿಯ ಹೊಲಿಗೆಯ ಮೇಲೆ ಹರಿದಾಡುತ್ತಿತ್ತು. ಒತ್ತೊತ್ತಾದ ಸಣ್ಣ ಹೊಲಿಗೆ. ಒಂದು ಮೂಲೆಯಲ್ಲಿ ಹಸಿರು ತೇಪೆ ಮೂರು ಬದಿ ಹೊಲಿದು, ನಾಲ್ಕನೆಯ ಬದಿ ಬಾಯಿ ಬಿಟ್ಟುಕೊಂಡೇ ಇತ್ತು.

"ಭಾಯೀ," ಎಂದಳು. "ಆ ಸೂಜಿ ಸಿಕ್ಕಿತೇನ್ರಿ?"

ಹುಸೇನಪೀರರು ಯೋಚಿಸಿದರು. ಒಡಪು ಹಾಕಿದ ಮೇಲೆ ಅವಳು ಅಡುಗೆಗೆ ಎದ್ದಳು. ಮೂರಕ್ಕೆ ಹಾಗಾಯಿತು. ಆಮೇಲೆ ಮಂದಿ ಬಂದರು, ಕುಳಿತರು, ಎದ್ದರು, ಮಲಗಿದರು. ಸೂಜಿಯನ್ನು ಯಾರು ನೆನೆದಾರು?

"ಇಲ್ಲ," ಎಂದರು.

ಮಿನಾಜ ಕುಳಿತಲ್ಲಿಂದ ಥಟ್ಟನೆ ಎದ್ದಳು. ಮೊಣಕಾಲು ನೋವು ಮರೆತು ಗುರುಬಾಯಿಯೂ ಎದ್ದಳು. ನಾಳೆ ಬೆಳಗಾದರೆ ಅರವತ್ತು ಎಪ್ಪತ್ತು ಮಂದಿ, ಬರಿಗಾಲಿನ ಮಕ್ಕಳು ಬೇರೆ. ಇಬ್ಬರೂ ಕೂಡಿ ಹಸಿರು ತೇಪೆಯ ಕೌದಿಯ ನಾಲ್ಕು ಮೂಲೆ ಹಿಡಿದು ಅಂಗಳಕ್ಕೆ ಒಯ್ದರು, ಬಿಸಿಲಿಗೆ ಹಿಡಿದು ನೋಡಿದರು, ಜಾಡಿಸಿದರು. ಇನ್ನೊಂದನ್ನು ತಂದರು. ಮತ್ತೊಂದನ್ನು ತಂದರು. ಎಲ್ಲೆಲ್ಲೋ ಏನೇನೋ ಮಿಂಚುತ್ತಿತ್ತು, ಸೂಜಿಯಲ್ಲ. ಮಿನಾಜಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮುದುಕರು ತಾವೂ ಏನಾದರೂ ಮಾಡಬೇಕೆಂದು ಕುರ್ಚಿಯಿಂದ ಎದ್ದು ಒಳಗೆ ಬಂದು, ಬರಿದಾದ ನೆಲದ ಮೇಲೆ ಕೂರಹೋದಾಗ ಅವಳು ಅಂಗಳದಿಂದಲೇ ಕೂಗಿದಳು.

"ಅಬ್ಬಾ, ಅಲ್ಲಿ ಕುಂಡರಬ್ಯಾಡ್ರಿ."

ಹುಸೇನಪೀರರು ತಣ್ಣಗಾದ ಚಹಾ ಹಿಡಿದು ಗೋಡೆಗೆ ಒರಗಿ ನಿಂತರು. ಗುರುಬಾಯಿ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿ, ಫರಸಿ ಕಲ್ಲಿನ ಒಂದೊಂದೇ ಸಂದಿನ ಮೇಲೆ ಅಂಗೈ ಎಳೆಯುತ್ತ ಗೋಡೆಯ ಕಡೆ ಸರಿಯತೊಡಗಿದಳು. ಹಾಗೆ ಕೈ ಆಡಿಸಬೇಡಿ ಖಾಲಾ, ಚುಚ್ಚೀತು ಎಂದಳು ಮಿನಾಜ, ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂರುತ್ತ.

"ಚುಚ್ಚಿದ್ರ ಸಿಕ್ಕಂಗಾತಲ್ಲ ಬೇಟಿ," ಎಂದು ಗುರುಬಾಯಿ ಮುಂದಿನ ಕಲ್ಲಿಗೆ ಕೈಯಿಟ್ಟಳು.